ಪೋಡಿ ಆಗದ ಜಮೀನಲ್ಲಿ ಬದು ಕೀಳ್ತಿದ್ದಾರೆ, ಕೋರ್ಟಿನಿಂದ ತಡೆ ತರೋದು ಹೇಗೆ?

ಕಡ್ಲೆಹೊಲ
ಶಿರಾ ಕಡೆ ಹಳ್ಳಿ ವಿಚಾರ. ತಿಳಿದವರು ದಯವಿಟ್ಟು ಹೇಳಿ. ಒಂದೇ ಸರ್ವೆ ನಂಬರ್, ಒಟ್ಟು 12 ಎಕರೆ ಚಿಲ್ಲರೆ, ಪಹಣಿಯಲ್ಲಿ ಐದು ಜನರ ಹೆಸರು, ಪೋಡಿ (ಪ್ರತಿಯೊಬ್ಬರ ಪಾಲು ಅಳೆದು ದಾಖಲೆಯಲ್ಲಿ ಬೇರೆ ಮಾಡೋದು) ಆಗಿಲ್ಲ. ಅದರಲ್ಲಿ ಒಬ್ಬ ರೈತರಿಗೆ 2 ಎಕರೆ 20 ಗುಂಟೆ. ರಸ್ತೆ ಪಕ್ಕದ ಭಾಗವನ್ನು ಅವರ ಅಪ್ಪನ ಕಾಲದಿಂದ ಉಳುತ್ತಾ ಬಂದಿದ್ದಾರೆ. ಇನ್ನೊಬ್ಬ ಹಿಸ್ಸೆದಾರ (ಪಾಲುದಾರ) ಕೆರೆ ಕಡೆ ಉಳುತ್ತಿದ್ದವನು. ಅವನು ತನ್ನ 3 ಎಕರೆಯನ್ನು ಹೊರಗಿನವರಿಗೆ ಮಾರಿದ್ದಾನೆ. ಕೊಂಡವರು ಈಗ "ನಮ್ಮ 3 ಎಕರೆ ರಸ್ತೆ ಕಡೆಗೇ ಬರೋದು" ಅಂತ ಜೆಸಿಬಿ ತಂದು ಬದು ಕಿತ್ತಿದ್ದಾರೆ. ಹೊಲದಲ್ಲಿ ಕಡ್ಲೆಕಾಯಿ ನಿಂತಿದೆ. ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂತಾರೆ.

ಮೊದಲು ಸರ್ವೆ ಮಾಡಿಸಬೇಕಾ, ಮೊದಲು ಕೋರ್ಟಾ? ಬರೀ ಇಂಜಂಕ್ಷನ್ (ಅಡ್ಡಿ ಮಾಡದಂತೆ ಕೋರ್ಟಿನ ತಡೆ) ದಾವಾ ಸಾಕಾ?

ಅರಳೀಕಟ್ಟೆ
ಮೊದಲು ಹದ್ದುಬಸ್ತು ಹಾಕಿಸಿ ಸರ್. ಕಲ್ಲು ನೆಟ್ಟ ಮೇಲೆ ಯಾರೂ ಮಾತಾಡಲ್ಲ. ಕೋರ್ಟಿಗೆ ಹೋದರೆ ಹತ್ತು ವರ್ಷ.

ಬಾಂದುಕಲ್ಲು
ಅರಳೀಕಟ್ಟೆ ಅವರೇ, ಇಲ್ಲಿ ಹದ್ದುಬಸ್ತು ನಡೆಯಲ್ಲ. ಹದ್ದುಬಸ್ತು ಅಂದರೆ ಈಗಾಗಲೇ ದಾಖಲೆಯಲ್ಲಿರುವ ಗಡಿಯನ್ನು ನೆಲದ ಮೇಲೆ ತೋರಿಸೋದು. ಇಡೀ 12 ಎಕರೆಯ ಹೊರಗಡಿಗೆ ಸರ್ವೆ ದಾಖಲೆಗಳಾದ ಟಿಪ್ಪಣಿ, ಆಕಾರ್‌ಬಂದ್ ಎಲ್ಲಾ ಇರುತ್ತೆ. ಐದು ಜನರ ನಡುವಿನ ಒಳಗಡಿ ಯಾವ ನಕ್ಷೆಯಲ್ಲೂ ಇಲ್ಲ. ಇಲ್ಲದ ಗೆರೆಗೆ ಸರ್ವೆಯರ್ ಕಲ್ಲು ನೆಡೋಕಾಗಲ್ಲ. ಮೊದಲು ಪೋಡಿ ಆಗಬೇಕು, ಪೋಡಿಗೆ ಅನುಭವದ ಪ್ರಕಾರ ಅಳತೆ ಆಗಬೇಕು, ಅಷ್ಟರಲ್ಲಿ ಒಬ್ಬರು ತಕರಾರು ಕೊಟ್ಟರೆ ಕಡತ ನಿಂತಿತು. ಈ ಕೇಸಲ್ಲಿ ತಕರಾರು ಬಂದೇ ಬರುತ್ತೆ.

ಆದರೆ ಒಂದು ಕೆಲಸ ಇವತ್ತೇ ಮಾಡಿ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸೋ ಸರ್ವೆ ನಕ್ಷೆ) ಬೇಕು. ಕೊಂಡವರ ಕ್ರಯಪತ್ರಕ್ಕೂ ಒಂದು 11ಇ ಇರಬೇಕು. ಅದರ ದೃಢೀಕೃತ ನಕಲು ತೆಗೆಸಿ. ನಕ್ಷೆಯಲ್ಲಿ ಆ 3 ಎಕರೆಯನ್ನು ಕೆರೆ ಕಡೆ ತೋರಿಸಿದ್ದಾರಾ, ರಸ್ತೆ ಕಡೆಗಾ? ಕೆರೆ ಕಡೆ ಇದ್ದರೆ ಅವರ ದಾಖಲೆಯೇ ನಿಮ್ಮ ಪರ ಸಾಕ್ಷಿ. ರಸ್ತೆ ಕಡೆ ಇದ್ದರೆ, ಅಳತೆ ದಿನ ಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿತ್ತಾ, ಮಹಜರಿಗೆ ಯಾರು ಸಹಿ ಹಾಕಿದ್ದಾರೆ ಅಂತ ಕಡತದಲ್ಲಿ ನೋಡಿ. ಸಹಿಯೇ ಇಲ್ಲದಿದ್ದರೆ ಭೂದಾಖಲೆಗಳ ಉಪನಿರ್ದೇಶಕರು, ಅಂದರೆ ಡಿಡಿಎಲ್‌ಆರ್ ಮುಂದೆ ಮೇಲ್ಮನವಿಗೆ ಅದೇ ಆಧಾರ.

ಕೋರ್ಟ್‌ಹಾಲ್
ಪೈರು ನಿಂತಿರುವಾಗ ಸರ್ವೆಗೆ ಕಾಯಬೇಡಿ. ಇಂಜಂಕ್ಷನ್ ದಾವೆಯಲ್ಲಿ ನ್ಯಾಯಾಧೀಶರು ಮೊದಲು ನೋಡೋದು ಒಂದೇ: ದಾವಾ ಹಾಕಿದ ದಿನ ಸ್ವಾಧೀನ ಯಾರದು? ಬದು ಹೋಗಿ, ಪೈರು ಹೋಗಿ, ಅವರು ಉಳುಮೆ ಮಾಡಿ ಬಿತ್ತಿಬಿಟ್ಟರೆ ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲ್ಲ. ಆಮೇಲೆ ನೀವು ತಡೆ ಕೇಳೋ ಸ್ಥಿತಿಯಲ್ಲಿ ಇರಲ್ಲ, ಸ್ವಾಧೀನ ವಾಪಸ್ ಕೇಳೋ ಸ್ಥಿತಿಗೆ ಇಳಿದಿರ್ತೀರಿ. ಅದು ಬೇರೆ ದಾವೆ, ಬಹಳ ಉದ್ದದ ದಾರಿ.

ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಶಾಶ್ವತ ನಿರ್ಬಂಧಕಾಜ್ಞೆಗೆ (ಇಂಜಂಕ್ಷನ್) ಮೂಲ ದಾವೆ ಹಾಕಿ. ನಿರ್ದಿಷ್ಟ ಪರಿಹಾರ ಕಾಯ್ದೆ 1963, ಕಲಂ 38. ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಆದೇಶ 39 ನಿಯಮ 1 ಮತ್ತು 2ರ ಕೆಳಗೆ ತಾತ್ಕಾಲಿಕ ತಡೆಗೆ ಮಧ್ಯಂತರ ಅರ್ಜಿ. ಅರ್ಜಿ ಎರಡು ಇರಲಿ: ಸ್ವಾಧೀನಕ್ಕೆ ಅಡ್ಡಿ ಮಾಡಬಾರದು ಅಂತ ಒಂದು, ಪರಭಾರೆ (ಬೇರೆಯವರಿಗೆ ಮಾರಾಟ, ವರ್ಗಾವಣೆ) ಮಾಡಬಾರದು ಅಂತ ಇನ್ನೊಂದು. ಎರಡನೇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಕೇಸ್ ನಡೆಯುವಾಗಲೇ ಜಮೀನು ಮೂರನೆಯವರಿಗೆ ಹೋಗಿ ಹೊಸ ಪ್ರತಿವಾದಿಯನ್ನು ಸೇರಿಸೋ ಕೆಲಸ ಬೀಳುತ್ತೆ.

ತಡೆ ಸಿಗೋಕೆ ಮೂರು ವಿಷಯ ತೋರಿಸಬೇಕು. ಮೇಲ್ನೋಟಕ್ಕೆ ಕೇಸ್ ಇದೆ, ಆದೇಶ ಸಿಗದಿದ್ದರೆ ತೊಂದರೆ ನಮಗೇ ಹೆಚ್ಚು, ಆಗೋ ನಷ್ಟವನ್ನು ದುಡ್ಡಲ್ಲಿ ತುಂಬೋಕಾಗಲ್ಲ. ನಿಂತ ಪೈರು ಮೂರನೆಯದಕ್ಕೆ ಗಟ್ಟಿ ಆಧಾರ.

ಮಳೆಗಾಲ_77
ಪಹಣಿಯಲ್ಲಿ ಹೆಸರಿದೆಯಲ್ಲ, ಅದೇ ಸಾಕಲ್ವಾ?

ಕೋರ್ಟ್‌ಹಾಲ್
ಸಾಕಾಗಲ್ಲ. ಪಹಣಿ ಹಕ್ಕುಪತ್ರ ಅಲ್ಲ. ಭೂ ಕಂದಾಯ ಕಾಯ್ದೆ 1964ರ ಕಲಂ 133ರ ಪ್ರಕಾರ, ಸುಳ್ಳು ಅಂತ ಸಾಬೀತಾಗೋವರೆಗೆ ಅದರ ನಮೂದು ನಿಜ ಅಂತ ಊಹೆ ಅಷ್ಟೆ. ಆ ಊಹೆ ಕೊಂಡವರ ಕಡೆಗೂ ಇರುತ್ತೆ, ಮ್ಯುಟೇಷನ್ (ಖಾತೆ ಬದಲಾವಣೆ) ಆಗಿದ್ದರೆ ಅವರ ಹೆಸರೂ 9ನೇ ಕಾಲಂಗೆ ಬಂದಿರುತ್ತೆ. ಜಂಟಿ ಪಹಣಿ ಎಷ್ಟು ಎಕರೆ ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಇಲ್ಲಿನ ಜಗಳ ಇರೋದೇ ಆ "ಎಲ್ಲಿ"ಯಲ್ಲಿ.

ಹಸಿರುಶಾಲು_ತುಮಕೂರು
ಹಾಗಾದರೆ ಜಾಗ ತೋರಿಸೋ ದಾಖಲೆ ಯಾವುದು? ಅದನ್ನು ಬಿಡಿಸಿ ಹೇಳಿ ಸ್ವಾಮಿ, ಎಲ್ಲರೂ ಎಡವೋದು ಅಲ್ಲೇ.

ನಾಡಕಚೇರಿ_ಬಾಗಿಲು
ಈ ದಾಖಲೆಗಳನ್ನು ಹುಡುಕಿ:

– ಬೆಳೆ ಸಮೀಕ್ಷೆ ಫೋಟೊ. ಸಮೀಕ್ಷೆ ಆ್ಯಪಿನಲ್ಲಿ ಬೆಳೆ ಚಿತ್ರ ಜಿಪಿಎಸ್ ಸಮೇತ ಹೋಗಿರುತ್ತೆ. ರೈತರ ಹೆಸರು, ಬೆಳೆ, ಜಾಗ ಮೂರೂ ಒಟ್ಟಿಗೆ ಸಿಗೋ ಸರ್ಕಾರಿ ದಾಖಲೆ ಇದು. ಹಿಂದಿನ ಹಂಗಾಮುಗಳದ್ದೂ ಕೇಳಿ ತೆಗೆದುಕೊಳ್ಳಿ.
– ಕೊಳವೆಬಾವಿ ಇದ್ದರೆ ಬೆಸ್ಕಾಂ ಆರ್.ಆರ್. ನಂಬರ್, ಪಂಪ್‌ಸೆಟ್ ಮಂಜೂರಾತಿ ಪತ್ರ. ಬಾವಿ ಜಾಗ ಬದಲಾಗಲ್ಲ, ಅದಕ್ಕಿಂತ ಗಟ್ಟಿ ಸಾಕ್ಷಿ ಕಡಿಮೆ.
– ಸೊಸೈಟಿ ಬೆಳೆ ಸಾಲ, ಬೆಳೆ ವಿಮೆ ರಸೀದಿ, ರೈತ ಸಂಪರ್ಕ ಕೇಂದ್ರದ ಬಿತ್ತನೆ ಬೀಜದ ಬಿಲ್ಲು, ಕಂದಾಯ ರಸೀದಿ.
– ಹಳೇ ವಿಭಾಗ ಪತ್ರ ಅಥವಾ ಪಾಲುಪಟ್ಟಿ. ಅದರಲ್ಲಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಇರುತ್ತೆ.
– ಅಕ್ಕಪಕ್ಕದವರ ಕ್ರಯಪತ್ರಗಳು. ಉತ್ತರಕ್ಕಿರೋ ಜಮೀನಿನವರ ಪತ್ರದಲ್ಲಿ "ದಕ್ಷಿಣಕ್ಕೆ ಇಂಥವರ ಜಮೀನು" ಅಂತ ಈ ರೈತರ ಅಪ್ಪನ ಹೆಸರು ಬರೆದಿರುತ್ತೆ. ಜಗಳ ಹುಟ್ಟೋಕೆ ಮುಂಚೆ ಬೇರೆಯವರು ಬರೆಸಿದ್ದು, ಹಾಗಾಗಿ ಸುಳ್ಳು ಅನ್ನೋಕೆ ಬರಲ್ಲ. ಉಪನೋಂದಣಿ ಕಚೇರಿಯಲ್ಲಿ ನಕಲು ಸಿಗುತ್ತೆ.

ಮಳೆಗಾಲ_77
ಮೊಬೈಲಲ್ಲಿ ಜೆಸಿಬಿ ವಿಡಿಯೊ ಮಾಡಿದ್ದಾರಂತೆ, ಅದು ನಡೆಯುತ್ತಾ?

ಕೋರ್ಟ್‌ಹಾಲ್
ನಡೆಯುತ್ತೆ, ಪ್ರಮಾಣಪತ್ರ ಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63(4). ನಮೂನೆಯಲ್ಲಿ ಭಾಗ ಎ, ಭಾಗ ಬಿ ಎರಡಿವೆ. ಬಿ ಭಾಗ ತಜ್ಞರು ತುಂಬೋದು, ವಿಡಿಯೊ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಡಿಜಿಟಲ್ ಗುರುತು) ಬರೆಯಬೇಕು. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಾಟ್ಸಾಪಲ್ಲಿ ಕಳಿಸಿಕೊಂಡ ಪ್ರತಿ ಕುಗ್ಗಿರುತ್ತೆ, ಅದನ್ನು ನಂಬಿ ಮೂಲ ಅಳಿಸಬೇಡಿ.

ಕೆಂಪುಮಣ್ಣು
ಬರೀ ಇಂಜಂಕ್ಷನ್ ಸಾಕು ಅನ್ನೋ ಧಾಟಿಯಲ್ಲಿ ಬರೀತಿದ್ದೀರಿ ಕೋರ್ಟ್‌ಹಾಲ್, ಅದನ್ನು ನಾನು ಒಪ್ಪಲ್ಲ. ಎದುರಾಳಿ ಹತ್ತಿರ ನೋಂದಾಯಿತ ಕ್ರಯಪತ್ರ ಇದೆ, "ಈ ಜಾಗ ನನ್ನದು" ಅಂತ ನೇರವಾಗಿ ಹೇಳ್ತಿದ್ದಾನೆ. ಹಕ್ಕಿನ ಮೇಲೆ ಮೋಡ ಕವಿದ ಮೇಲೆ ಘೋಷಣೆ (ಹಕ್ಕು ನಮ್ಮದು ಅಂತ ಕೋರ್ಟು ಸಾರಿ ಹೇಳೋದು) ಕೇಳಲೇಬೇಕು. ಸುಪ್ರೀಂ ಕೋರ್ಟು 2008ರಲ್ಲಿ ಅನತುಲ ಸುಧಾಕರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಸ್ವಾಧೀನ ಇದ್ದು ಹಕ್ಕಿನ ಬಗ್ಗೆ ಗಂಭೀರ ತಕರಾರು ಎದ್ದಿದ್ದರೆ ಘೋಷಣೆ ಮತ್ತು ನಿರ್ಬಂಧ ಎರಡೂ, ಸ್ವಾಧೀನವೂ ಹೋಗಿದ್ದರೆ ಘೋಷಣೆ ಮತ್ತು ಸ್ವಾಧೀನ. ಬರೀ ಇಂಜಂಕ್ಷನ್ ಹಾಕಿ ಆರು ವರ್ಷದ ಮೇಲೆ "ಘೋಷಣೆ ಕೇಳಿಲ್ಲ" ಅಂತ ದಾವೆ ವಜಾ ಆದರೆ ಆ ರೈತರ ಗತಿ ಏನು?

ಕೋರ್ಟ್‌ಹಾಲ್
ಅದೇ ತೀರ್ಪಿನಲ್ಲಿ, ಬರೀ ಅಡ್ಡಿಪಡಿಸಿದ ಮಾತ್ರಕ್ಕೆ ಹಕ್ಕಿನ ಮೇಲೆ ಮೋಡ ಕವಿಯಲ್ಲ ಅಂತಲೂ ಇದೆ. ಇಲ್ಲಿ ಈ ರೈತರ 2 ಎಕರೆ 20 ಗುಂಟೆಯನ್ನು ಯಾರೂ ಅಲ್ಲಗಳೆದಿಲ್ಲ. ಯಾವ ಕಡೆ ಅನ್ನೋದಷ್ಟೇ ತಕರಾರು. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣ ನೋಡಿ, 2003ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು. ಅಲ್ಲೂ ಅಕ್ಕಪಕ್ಕದ ಜಮೀನಿನವರ ಗಡಿ ಜಗಳ. ನೆಲೆಗೊಂಡ ಸ್ವಾಧೀನ ಇದ್ದವನನ್ನು ನಿಜವಾದ ಮಾಲೀಕನೂ ಬಲವಂತದಿಂದ ಹೊರದಬ್ಬುವಂತಿಲ್ಲ, ಕಾನೂನು ಪ್ರಕಾರವೇ ಬಿಡಿಸಬೇಕು ಅಂತ ಹೇಳಿ ನಿರ್ಬಂಧವನ್ನು ಎತ್ತಿಹಿಡಿದರು.

ಕೆಂಪುಮಣ್ಣು
ಆ ತೀರ್ಪು ಇವತ್ತಿನ ಪೈರು ಉಳಿಸುತ್ತೆ. ಜಾಗ ಯಾರದು ಅನ್ನೋದು ತೀರ್ಮಾನ ಆಗದೇ ಉಳಿಯುತ್ತೆ. ಕೊಂಡವನು ನಾಳೆ ಘೋಷಣೆ ಕೇಳಿ ತಾನೇ ದಾವೆ ಹಾಕ್ತಾನೆ, ಆಗ ಎರಡು ಕೇಸ್ ಓಡಾಡಬೇಕು. ಒಂದೇ ಸಲ ಕೇಳಿದರೆ ಏನು ನಷ್ಟ?

ಕೋರ್ಟ್‌ಹಾಲ್
ನಷ್ಟ ಅಂದರೆ ಕಕ್ಷಿದಾರರ ಸಂಖ್ಯೆ. ಬರೀ ನಿರ್ಬಂಧಕ್ಕೆ ಅಡ್ಡಿ ಮಾಡಿದವರೊಬ್ಬರೇ ಪ್ರತಿವಾದಿ ಆದರೂ ನಡೆಯುತ್ತೆ. ಇಂಥ ಜಾಗ ನನ್ನದು ಅಂತ ಘೋಷಣೆ ಕೇಳಿದರೆ ಉಳಿದ ಹಿಸ್ಸೆದಾರರೆಲ್ಲರನ್ನೂ, ಮಾರಿದವನನ್ನೂ ಸೇರಿಸಬೇಕು. ಒಬ್ಬರು ಬೆಂಗಳೂರಲ್ಲಿ, ಒಬ್ಬರು ಸೂರತ್ತಲ್ಲಿ ಇದ್ದರೆ ಸಮನ್ಸ್ ಜಾರಿಗೇ ಒಂದು ವರ್ಷ ಹೋಗುತ್ತೆ. ಮೊದಲು ನಿರ್ಬಂಧದ ದಾವೆ ಹಾಕಿ ತಡೆ ತಂದು, ಅವರು ಪ್ರತಿವಾದ ಪತ್ರದಲ್ಲಿ ಹಕ್ಕನ್ನೇ ಅಲ್ಲಗಳೆದರೆ ಆದೇಶ 6 ನಿಯಮ 17ರಲ್ಲಿ ತಿದ್ದುಪಡಿ ತಂದು ಘೋಷಣೆ ಸೇರಿಸಿ. ಆದರೆ ಸಾಕ್ಷಿ ವಿಚಾರಣೆ ಶುರುವಾಗೋದರೊಳಗೆ. ಶುರುವಾದ ಮೇಲೆ ತಿದ್ದುಪಡಿ ಸಿಗೋದು ಬಹಳ ಕಷ್ಟ.

ಕೆಂಪುಮಣ್ಣು
ಸರಿ, ತಿದ್ದುಪಡಿಯನ್ನು ಮರೆಯದ ವಕೀಲರಾದರೆ ಈ ದಾರಿ ಒಪ್ಪುತ್ತೇನೆ. ಪ್ರತಿವಾದ ಪತ್ರ ಬಂದ ದಿನವೇ ರೈತರು ಅದರ ಪ್ರತಿ ಕೇಳಿ ಪಡೆದು, ಯಾರ ಹತ್ತಿರವಾದರೂ ಓದಿಸಿ ಅರ್ಥ ಮಾಡಿಕೊಳ್ಳಬೇಕು.

ಯುಕೆ_ಜೋಳ
ನಮ್ಮ ಕಡೆ ಪಹಣಿಗೆ ಉತಾರ ಅಂತೀವ್ರಿ. ಅದ ಇರ್ಲಿ, ಒಂದ ಪ್ರಶ್ನೆ. ಈಗಾಗ್ಲೇ ಹೊಲದಾಗಿಂದ ಹೊರಗ ಹಾಕಿದ್ರ ಏನ್ ಮಾಡ್ಬೇಕ್ರಿ? ಅಂಥಾವ್ರೂ ಭಾಳ ಮಂದಿ ಅದಾರ.

ಕೆಂಪುಮಣ್ಣು
ನಿರ್ದಿಷ್ಟ ಪರಿಹಾರ ಕಾಯ್ದೆ ಕಲಂ 6. ಹೊರಹಾಕಿದ ದಿನದಿಂದ 6 ತಿಂಗಳೊಳಗೆ ದಾವೆ ಹಾಕಬೇಕು. ಅಲ್ಲಿ ಹಕ್ಕು ಯಾರದು ಅಂತ ನೋಡಲ್ಲ. ಸ್ವಾಧೀನ ಇತ್ತು, ಒಪ್ಪಿಗೆ ಇಲ್ಲದೆ, ಕಾನೂನು ಕ್ರಮ ಇಲ್ಲದೆ ಬಿಡಿಸಿದರು, ಇಷ್ಟು ತೋರಿಸಿದರೆ ವಾಪಸ್ ಕೊಡಿಸ್ತಾರೆ. ಆ ಡಿಕ್ರಿ ಮೇಲೆ ಅಪೀಲು ಇಲ್ಲ, ಪುನರ್‌ವಿಮರ್ಶೆ ಇಲ್ಲ. ಸರ್ಕಾರದ ವಿರುದ್ಧ ಮಾತ್ರ ಈ ಕಲಂ ನಡೆಯಲ್ಲ. ಊರ ಹಿರಿಯರು ಪಂಚಾಯ್ತಿ ಮಾಡೋಣ ಅಂತ ಕಾಯಿಸಿದರೆ ಈ 6 ತಿಂಗಳು ಗೊತ್ತಾಗದೆ ಕಳೆದುಹೋಗುತ್ತೆ. ಪಂಚಾಯ್ತಿ ಬೇಕಾದರೆ ದಾವೆ ಹಾಕಿದ ಮೇಲೂ ಮಾಡಬಹುದು.

ಯುಕೆ_ಜೋಳ
ಛಲೋ ಹೇಳಿದ್ರಿ. 6 ತಿಂಗಳದ್ದು ಯಾರೂ ಹೇಳಂಗಿಲ್ಲ.

ಹಸಿರುಶಾಲು_ತುಮಕೂರು
ಪೊಲೀಸರು ಸಿವಿಲ್ ಅಂತ ಕೈತೊಳೆದುಕೊಳ್ಳೋದು ಸರಿಯಲ್ಲ. 145 ಹಾಕಿಸಿ, ತಹಶೀಲ್ದಾರ್ ಸ್ಥಳಕ್ಕೆ ಬರ್ತಾರೆ.

ನಾಡಕಚೇರಿ_ಬಾಗಿಲು
ಕಲಂ 145 ಹಳೇ ದಂಡ ಪ್ರಕ್ರಿಯಾ ಸಂಹಿತೆಯದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕಲಂ 164. ಶಾಂತಿ ಕದಡೋ ಸಂಭವ ಇದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿ ಸ್ವಾಧೀನ ಯಾರದು ಅಂತ ವಿಚಾರಿಸ್ತಾರೆ. ಹಿಂದಿನ 2 ತಿಂಗಳೊಳಗೆ ಬಲವಂತದಿಂದ ಬಿಡಿಸಿದ್ದರೆ ಅವರನ್ನೇ ಸ್ವಾಧೀನದಲ್ಲಿದ್ದವರು ಅಂತ ಎಣಿಸಬಹುದು.

ಆದರೆ ರೈತರು ತಾವಾಗಿ ಈ ದಾರಿ ಹಿಡಿಯೋಕೆ ಮುಂಚೆ ಯೋಚಿಸಬೇಕು. ಯಾರು ಸ್ವಾಧೀನದಲ್ಲಿದ್ದಾರೆ ಅಂತ ತೀರ್ಮಾನ ಆಗದಿದ್ದರೆ ಕಲಂ 165ರಲ್ಲಿ ಜಮೀನನ್ನೇ ಜಪ್ತಿ ಮಾಡ್ತಾರೆ. ಆಗ ಪೈರು ಯಾರಿಗೂ ಇಲ್ಲ. ಸಿವಿಲ್ ಕೋರ್ಟಲ್ಲಿ ದಾವೆ ಇದ್ದು ಅಲ್ಲೇ ಆದೇಶ ಕೇಳಬಹುದಾದಾಗ ಇದನ್ನು ಸಮಾನಾಂತರವಾಗಿ ನಡೆಸಬಾರದು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ.

ಕೋರ್ಟ್‌ಹಾಲ್
ಪೊಲೀಸ್ ದೂರು ಮಾತ್ರ ಬಿಡಬೇಡಿ. ಬದು ಕಿತ್ತಿದ್ದು ಭಾರತೀಯ ನ್ಯಾಯ ಸಂಹಿತೆ ಕಲಂ 324ರ ಹಾನಿ, ಹೊಲಕ್ಕೆ ನುಗ್ಗಿದ್ದು 329ರ ಅತಿಕ್ರಮ ಪ್ರವೇಶ. ಹಕ್ಕಿನ ಜಗಳ ಸಿವಿಲ್ ಆದರೂ ಈ ಕೃತ್ಯ ಸಿವಿಲ್ ಅಲ್ಲ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ತಗೊಳ್ಳದಿದ್ದರೆ ಎಸ್ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 112ಕ್ಕೆ ಕರೆ ಮಾಡಿದ್ದರೆ ಅದಕ್ಕೂ ದಾಖಲೆ ಇರುತ್ತೆ. ಠಾಣೆಯವರು "ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಅಂತ ಹಿಂಬರಹ ಕೊಟ್ಟರೆ ಬೇಜಾರಾಗಬೇಡಿ. ದಾವೆಯಲ್ಲಿ ವ್ಯಾಜ್ಯ ಕಾರಣಕ್ಕೆ ದಿನಾಂಕ ಸಮೇತ ಆಧಾರ ಅದೇ. "ಕೆಲವು ದಿನಗಳ ಹಿಂದೆ ತೊಂದರೆ ಕೊಟ್ಟರು" ಅಂತ ಬರೆದ ದಾವೆಯನ್ನು ನ್ಯಾಯಾಧೀಶರು ಗಟ್ಟಿಯಾಗಿ ತಗೊಳ್ಳಲ್ಲ. ಇಂಥ ದಿನ, ಬೆಳಗ್ಗೆ ಇಷ್ಟು ಗಂಟೆ, ಪೂರ್ವದ ಬದು ಇಷ್ಟು ಅಡಿ ಅಂತ ಇರಬೇಕು.

ಅರಳೀಕಟ್ಟೆ
ಇಷ್ಟೆಲ್ಲಾ ಯಾಕೆ? 12 ವರ್ಷಕ್ಕಿಂತ ಹೆಚ್ಚು ಅನುಭವ ಇದ್ದರೆ ಜಮೀನು ಅವರದೇ ಆಗುತ್ತೆ. ಅದನ್ನೇ ಹಾಕಿ.

ಕೆಂಪುಮಣ್ಣು
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಪ್ರತಿಕೂಲ ಸ್ವಾಧೀನ ಅಂದರೆ "ಜಮೀನು ನಿನ್ನದೇ, ಆದರೆ ನಿನ್ನ ವಿರುದ್ಧವಾಗಿ, ಬಹಿರಂಗವಾಗಿ 12 ವರ್ಷ ಅನುಭವಿಸಿದೆ" ಅಂತ ಹೇಳಿದ ಹಾಗೆ. ಅದರಲ್ಲಿ ಎದುರಾಳಿಯ ಹಕ್ಕನ್ನು ಒಪ್ಪಿಕೊಂಡ ಹಾಗಾಗುತ್ತೆ. ಸ್ವಂತ ಪಾಲಿನ ಜಮೀನು ಉಳುವವರು ಅದನ್ನು ಬರೆದರೆ ತಮ್ಮ ಬುಡಕ್ಕೇ ಕೊಡಲಿ. ಸಹಮಾಲೀಕರ ನಡುವೆ ಬರೀ ಅನುಭವ ಪ್ರತಿಕೂಲ ಆಗಲ್ಲ. ಸರ್ಕಾರಿ ಜಮೀನಾದರೆ ಅವಧಿ 30 ವರ್ಷ, ಕೋರ್ಟುಗಳು ಅದನ್ನು ಬಹಳ ಬಿಗಿಯಾಗಿ ನೋಡ್ತಾವೆ.

ಗೋಮಾಳ_ಬೇಲಿ
ಸರ್ಕಾರಿ ಜಮೀನು ಅಂದಿರಿ, ಅದಕ್ಕೆ ಕೇಳ್ತೀನಿ. ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಲ್ಲಿ) ಸಾಗುವಳಿ, ಅದನ್ನು ಸಕ್ರಮ ಮಾಡಿ ಅಂತ ಕೊಟ್ಟ ನಮೂನೆ 57 ಅರ್ಜಿ ಬಾಕಿ ಇದೆ. ಈಗ ಒತ್ತುವರಿ ತೆರವು ಅಂತ ನೋಟಿಸ್ ಬಂದರೆ ಇದೇ ಇಂಜಂಕ್ಷನ್ ಆಗುತ್ತಾ?

ನಾಡಕಚೇರಿ_ಬಾಗಿಲು
ಅದೇ ದಾರಿ ಅಲ್ಲ. ಸರ್ಕಾರದ ವಿರುದ್ಧ ಸಿವಿಲ್ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಂ 80ರ ಪ್ರಕಾರ 2 ತಿಂಗಳ ನೋಟಿಸ್ ಬೇಕು. ತುರ್ತು ಇದ್ದರೆ 80(2)ರಲ್ಲಿ ಕೋರ್ಟಿನ ಅನುಮತಿ ಕೇಳಿ ನೋಟಿಸ್ ಇಲ್ಲದೆ ಹಾಕಬಹುದು. ಆದರೆ ಒತ್ತುವರಿದಾರ ಅಂತ ತಾವೇ ಅರ್ಜಿ ಕೊಟ್ಟವರಿಗೆ ಜಮೀನಿನ ಮಾಲೀಕರ ವಿರುದ್ಧ ತಡೆ ಸಿಗೋದು ಕಷ್ಟ. ಸಾಮಾನ್ಯವಾಗಿ ಹೈಕೋರ್ಟಿನಲ್ಲಿ ರಿಟ್ ಹಾಕಿ, ಅರ್ಜಿ ತೀರ್ಮಾನ ಆಗೋವರೆಗೆ ತೆರವು ಬೇಡ ಅಂತ ಕೇಳ್ತಾರೆ. ಅರ್ಜಿಯ ಸ್ವೀಕೃತಿ ರಸೀದಿ ಕೈಲಿರಬೇಕು. ನಮೂನೆ 50, 53, 57 ಮೂರರಲ್ಲಿ ಯಾವುದು, ವಜಾ ಆಗಿದೆಯಾ ಬಾಕಿಯಾ ಅಂತ ಮೊದಲು ತಾಲ್ಲೂಕು ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ನಿಮಗೆ ಗೊತ್ತಾಗದ ಹಾಗೆ ವಜಾ ಆಗಿದ್ದರೆ ಬಾಕಿ ಅಂತ ಪ್ರಮಾಣ ಮಾಡಿದ್ದು ಸುಳ್ಳಾಗುತ್ತೆ. ಮೊದಲು ಆ ವಜಾ ಆದೇಶದ ಮೇಲೆ ಮೇಲ್ಮನವಿ ಹಾಕಬೇಕು.

ಗೋಮಾಳ (ದನ ಮೇಯಿಸೋಕೆ ಮೀಸಲಿಟ್ಟ ಸರ್ಕಾರಿ ಜಮೀನು) ಆದರೆ ಇನ್ನೊಂದು ಲೆಕ್ಕ. 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕು ಅಂತ ಕಂದಾಯ ನಿಯಮ 97. ಗ್ರಾಮದಲ್ಲಿ ಅದಕ್ಕಿಂತ ಹೆಚ್ಚುವರಿ ಇದ್ದರೆ ಮಾತ್ರ ಮಂಜೂರಾತಿ. ಪಶು ಗಣತಿ ಸಂಖ್ಯೆ ತರಿಸಿ ನೋಡಿ.

ಕರಾವಳಿ_ಮಳೆ
ನಮ್ಮಲ್ಲಿ ಕುಮ್ಕಿ ಜಾಗಕ್ಕೂ ಇಂಜಂಕ್ಷನ್ ತರ್ತಾರೆ ಮಾರಾಯ್ರೆ.

ಕೆಂಪುಮಣ್ಣು
ಕುಮ್ಕಿ ಅಂದರೆ ವರ್ಗ ಜಾಗಕ್ಕೆ (ಸ್ವಂತ ಹಿಡುವಳಿ) ಅಂಟಿಕೊಂಡ ಸರ್ಕಾರಿ ಜಾಗ. ಅದು ಸರ್ಕಾರದ್ದೇ, ವರ್ಗ ಜಾಗದವರಿಗೆ ಸೊಪ್ಪು ಸದೆಯ ವಿಶೇಷಾಧಿಕಾರ ಮಾತ್ರ. ಭೂ ಕಂದಾಯ ಕಾಯ್ದೆ ಕಲಂ 79. ಆ ಅಧಿಕಾರಕ್ಕೆ ಮೂರನೆಯವರು ಅಡ್ಡಿ ಮಾಡಿದರೆ ತಡೆ ಕೇಳಬಹುದು, ಮಾಲೀಕತ್ವ ಕೇಳೋಕಾಗಲ್ಲ.

ಮಳೆಗಾಲ_77
ದೇವನಹಳ್ಳಿ ರೈತರು ಜಮೀನನ್ನು ಕೋರ್ಟಿಂದಾನಾ ಉಳಿಸಿಕೊಂಡಿದ್ದು?

ಹಸಿರುಶಾಲು_ತುಮಕೂರು
ಅಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿ, 1,777 ಎಕರೆ. ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರದ ಭೂಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಅದು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರ ಅಡಿಯ ಭೂಸ್ವಾಧೀನ, ಈ ಬದು ಜಗಳಕ್ಕೆ ಸಂಬಂಧ ಇಲ್ಲ. ಮೂಲ ವಿಷಯಕ್ಕೆ ಬರೋಣ.

ಕಡ್ಲೆಹೊಲ
ಎಲ್ಲರಿಗೂ ವಂದನೆ. ಇವತ್ತು 11ಇ ನಕಲು ಸಿಕ್ಕಿತು. ನಕ್ಷೆಯಲ್ಲಿ 3 ಎಕರೆಯನ್ನು ರಸ್ತೆಯಿಂದ ಕೆರೆವರೆಗೆ ಉದ್ದಕ್ಕೆ ಪಟ್ಟಿ ಹಾಗೆ ತೋರಿಸಿದ್ದಾರೆ. ಪಕ್ಕದವರ ಸಹಿ ಇರಬೇಕಾದ ಕಡೆ ಖಾಲಿ. ದಾವೆಯಲ್ಲಿ ಜಾಗ ಹೇಗೆ ಬರೆಯೋದು?

ಬಾಂದುಕಲ್ಲು
ಸಹಿ ಖಾಲಿ ಇರೋದು ಒಳ್ಳೇ ಅಂಶ. ಆ ಕಡತದ ಮಹಜರು, ನೋಟಿಸ್ ಜಾರಿ ಪುಟ ಎರಡನ್ನೂ ನಕಲು ತಗೊಳ್ಳಿ.

ದಾವಾ ಸ್ವತ್ತಿನ ವಿವರವನ್ನು "ಸರ್ವೆ ನಂ. ಇಂಥದ್ದರಲ್ಲಿ 2 ಎಕರೆ 20 ಗುಂಟೆ" ಅಂತ ಬರೆದು ಬಿಟ್ಟರೆ ಕೆಟ್ಟಿತು. ನಾಲ್ಕೂ ದಿಕ್ಕಿಗೆ ಚೆಕ್ಕುಬಂದಿ, ಜೊತೆಗೆ ಕೈನಕ್ಷೆ. ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಇರಲಿ. ಇಡೀ 12 ಎಕರೆ ಹೊರಗಡಿಯನ್ನು ಗ್ರಾಮನಕ್ಷೆಯ ಆಕಾರದಲ್ಲೇ ಬರೆದು, ಒಳಗೆ ಈ ರೈತರ ಭಾಗಕ್ಕೆ ಮೂಲೆಗಳಲ್ಲಿ ಅ, ಆ, ಇ, ಈ ಗುರುತು ಹಾಕಿ, ಪ್ರತಿ ಬದಿಗೆ ಅಳತೆ ಅಡಿಗಳಲ್ಲಿ. ಅಲ್ಲಾಡದ ಗುರುತು ಕನಿಷ್ಠ ಎರಡು: ರಸ್ತೆ ಅಂಚಿನ ಮೈಲಿಗಲ್ಲು, ಕೊಳವೆಬಾವಿ, ವಿದ್ಯುತ್ ಕಂಬದ ನಂಬರ್, ಹಳೇ ಹುಣಸೆಮರ, ಯಾವುದಾದರೂ. ಅಲ್ಲಿಂದ ಬದುವಿಗೆ ಎಷ್ಟು ಅಡಿ ಅಂತ ಟೇಪಲ್ಲಿ ಅಳೆದು ಬರೆಯಿರಿ. ಕಿತ್ತ ಬದುವನ್ನು ಚುಕ್ಕೆ ಗೆರೆಯಲ್ಲಿ ತೋರಿಸಿ. ಅಳತೆ ಕೂಡಿದರೆ 2 ಎಕರೆ 20 ಗುಂಟೆ ಆಸುಪಾಸು ಬರಬೇಕು. 1 ಗುಂಟೆ ಅಂದರೆ 1,089 ಚದರ ಅಡಿ, ಒಟ್ಟು 1,08,900 ಚದರ ಅಡಿ. ಸ್ವಾಧೀನ 3 ಎಕರೆ ಬರ್ತಾ ಇದ್ದು ಪಹಣಿ 2 ಎಕರೆ 20 ಇದ್ದರೆ, ಪಾಟೀಸವಾಲಿನಲ್ಲಿ (ಎದುರು ವಕೀಲರ ಪ್ರಶ್ನೆ) ಮೊದಲನೇ ಪ್ರಶ್ನೆ ಅದೇ.

ಕೋರ್ಟ್‌ಹಾಲ್
ಇದರ ಮೇಲೆ ಒಂದು ಮಾತು. ಹೆಚ್ಚು ಇದ್ದರೆ ಮುಚ್ಚಿಡಬೇಡಿ. 11ಇ ಇದೆ ಅನ್ನೋದನ್ನೂ, ಎದುರಾಳಿಯ ಕ್ರಯಪತ್ರವನ್ನೂ ದಾವೆಯಲ್ಲೇ ಹೇಳಿ. ಮುಖ್ಯ ಸಂಗತಿ ಮರೆಮಾಚಿ ಏಕಪಕ್ಷೀಯ ತಡೆ ತಂದರೆ ಆದೇಶ 39 ನಿಯಮ 4ರಲ್ಲಿ ಅದೇ ಕಾರಣಕ್ಕೆ ತೆರವಾಗುತ್ತೆ, ಆಮೇಲೆ ಆ ಕೋರ್ಟಲ್ಲಿ ನಂಬಿಕೆ ಹುಟ್ಟಲ್ಲ.

ಮಳೆಗಾಲ_77
ದಾವೆ ಹಾಕಿದ ದಿನವೇ ಸ್ಟೇ ಸಿಗುತ್ತಾ?

ಕೋರ್ಟ್‌ಹಾಲ್
ಸಿಗಬಹುದು. ಆದೇಶ 39ರ ನಿಯಮ 3ರ ಪ್ರಕಾರ ಮೊದಲು ನೋಟಿಸ್ ಕೊಡೋದೇ ಪದ್ಧತಿ. ತಡ ಮಾಡಿದರೆ ಉದ್ದೇಶವೇ ಹಾಳಾಗುತ್ತೆ ಅಂತ ಕಾರಣ ಬರೆದು ಮಾತ್ರ ಏಕಪಕ್ಷೀಯ ಆದೇಶ. ಎದುರಾಳಿ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅನ್ನೋ ಅರ್ಜಿ) ಹಾಕಿದ್ದರೆ ಆ ದಾರಿ ಮುಚ್ಚಿದ ಹಾಗೆ, 90 ದಿನ ಅದರ ಆಯಸ್ಸು.

ಆದೇಶ ಸಿಕ್ಕಿತು ಅಂತ ಊರಿಗೆ ಹೋಗಿಬಿಡಬೇಡಿ. ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ದಾವಾಪತ್ರ, ದಾಖಲೆಗಳ ನಕಲನ್ನು ಕೂಡಲೇ ಎದುರಾಳಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಪ್ರಮಾಣಪತ್ರ ಹಾಕಬೇಕು. ಇದನ್ನು ಮಾಡಲಿಲ್ಲ ಅಂತಲೇ ಬಿದ್ದುಹೋದ ತಡೆಗಳು ಲೆಕ್ಕವಿಲ್ಲ. ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸೋ ಪ್ರಯತ್ನ ಮಾಡಬೇಕು ಅಂತ ನಿಯಮ 3ಎ.

ಆದೇಶದಲ್ಲಿ "ಮುಂದಿನ ದಿನಾಂಕದವರೆಗೆ" ಅಂತ ಇರುತ್ತೆ. ಪ್ರತಿ ವಾಯಿದೆಗೂ "ಮುಂದುವರಿಸಿದೆ" ಅಂತ ದಾಖಲಾಗಬೇಕು. ವಕೀಲರು ಬರದೆ, ವಿಸ್ತರಣೆ ಬರೆಯದೆ ಹೋದರೆ ಆ ದಿನವೇ ತಡೆ ಮುಗಿಯಿತು ಅಂತ ಎದುರಾಳಿ ವಾದ ಮಾಡ್ತಾನೆ. ಸಿಎನ್‌ಆರ್ ನಂಬರ್ (ಕೇಸಿನ ಗುರುತಿನ ಸಂಖ್ಯೆ) 16 ಅಕ್ಷರದ್ದು, ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿ ಪ್ರತಿ ವಾಯಿದೆ ಸಂಜೆ ನೋಡಿಕೊಳ್ಳಿ.

ಕೆಂಪುಮಣ್ಣು
ಯಥಾಸ್ಥಿತಿ ಆದೇಶದ ಬಗ್ಗೆಯೂ ಎಚ್ಚರ. "ಉಭಯ ಪಕ್ಷಗಳು ಯಥಾಸ್ಥಿತಿ ಕಾಪಾಡಬೇಕು" ಅಂತ ಒಂದೇ ಸಾಲು ಬಂದರೆ ಸ್ಥಿತಿ ಏನು ಅಂತ ಅದರಲ್ಲಿ ಇಲ್ಲ. ಮರುದಿನ ಅವರು ಅದೇ ಆದೇಶ ಹಿಡಿದು ಠಾಣೆಗೆ ಹೋಗಿ "ಕಡ್ಲೆಕಾಯಿ ಕೀಳಬಾರದು, ಯಥಾಸ್ಥಿತಿ ಇದೆ" ಅಂತಾರೆ. ಅರ್ಜಿಯ ಕೋರಿಕೆಯಲ್ಲೇ "ವಾದಿಯು ಬೆಳೆದ ಪೈರನ್ನು ಕಟಾವು ಮಾಡಿ ಮುಂದಿನ ಸಾಗುವಳಿ ಮಾಡಲು ಅಡ್ಡಿಪಡಿಸಬಾರದು" ಅಂತ ಬಿಡಿಸಿ ಬರೆಸಿ. "ಪ್ರತಿವಾದಿ, ಅವರ ಆಳುಕಾಳು, ಏಜೆಂಟರು, ಅವರ ಪರವಾಗಿ ಬರುವ ಯಾರೇ" ಅನ್ನೋದೂ ಇರಲಿ. ಇಲ್ಲದಿದ್ದರೆ ಜೆಸಿಬಿಯವನು "ನಾನು ಕಕ್ಷಿದಾರ ಅಲ್ಲ" ಅಂತಾನೆ.

ಯುಕೆ_ಜೋಳ
ಆರ್ಡರ್ ಇದ್ದರೂ ನುಗ್ಗಿದ್ರ?

ಕೋರ್ಟ್‌ಹಾಲ್
ಮಧ್ಯಂತರ ಆದೇಶ ಮೀರಿದರೆ ಅದೇ ಕೋರ್ಟಲ್ಲಿ ಆದೇಶ 39 ನಿಯಮ 2ಎ ಅರ್ಜಿ. ಆಸ್ತಿ ಜಪ್ತಿ, 3 ತಿಂಗಳವರೆಗೆ ಸಿವಿಲ್ ಜೈಲು. ಆದೇಶ ಅವರಿಗೆ ತಲುಪಿದ್ದಕ್ಕೆ ದಾಖಲೆ, ಮೀರಿದ ದಿನಾಂಕ, ಹೇಗೆ ಮೀರಿದರು, ಮೂರೂ ಬೇಕು. ಪೊಲೀಸ್ ರಕ್ಷಣೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಂ 151ರಲ್ಲಿ ಬೇರೆ ಅರ್ಜಿ. ಅಂತಿಮ ಡಿಕ್ರಿ ಆದ ಮೇಲೆ ಮೀರಿದರೆ 2ಎ ಅಲ್ಲ, ಆದೇಶ 21 ನಿಯಮ 32ರಲ್ಲಿ ಅಮಲ್ಜಾರಿ ಅರ್ಜಿ. ತಡೆ ಸಿಗದೆ ಅರ್ಜಿ ವಜಾ ಆದರೆ ಮೇಲಿನ ಕೋರ್ಟಿಗೆ 30 ದಿನದೊಳಗೆ ಎಂ.ಎ. (ಮಧ್ಯಂತರ ಆದೇಶದ ಮೇಲಿನ ಮೇಲ್ಮನವಿ) ಹಾಕಬೇಕು.

ಅರಳೀಕಟ್ಟೆ
ಕೋರ್ಟ್ ಕಮಿಷನರ್ (ಸ್ಥಳ ನೋಡಿ ವರದಿ ಕೊಡೋಕೆ ಕೋರ್ಟು ಕಳಿಸೋರು) ಹಾಕಿಸಿ ಸ್ವಾಧೀನ ಯಾರದು ಅಂತ ವರದಿ ತರಿಸಿದರೆ ಮುಗೀತಲ್ಲ?

ಬಾಂದುಕಲ್ಲು
ಸ್ವಾಧೀನ ಯಾರದು ಅಂತ ಕಮಿಷನರ್ ಹೇಳೋ ಹಾಗಿಲ್ಲ. ಸಾಕ್ಷಿ ಕಲೆಹಾಕಲು ಕಮಿಷನ್ ಕೊಡಲ್ಲ. ಬದು ಕಿತ್ತ ಗುರುತು, ಪೈರಿನ ಎತ್ತರ, ಬಾವಿಯಿಂದ ರಸ್ತೆಗೆ ಎಷ್ಟು ದೂರ, ಹೀಗೆ ಕಣ್ಣಿಗೆ ಕಾಣೋದನ್ನು ಮಾತ್ರ ಆದೇಶ 26 ನಿಯಮ 9ರಲ್ಲಿ ದಾಖಲಿಸಬಹುದು. ಕಿತ್ತ ಬದು ಮಳೆಗೆ ಕರಗೋದರೊಳಗೆ ಆಗಬೇಕು ಅಂತ ತುರ್ತು ಕಾರಣ ಕೊಟ್ಟು ಕೇಳಿ, ಕೆಲವರು ಕೊಡ್ತಾರೆ, ಕೆಲವರು ಸಾಕ್ಷಿ ಮುಗಿಯಲಿ ಅಂತಾರೆ. ಅಳತೆ ಬೇಕಾದರೆ ವಕೀಲ ಕಮಿಷನರ್ ಬೇಡ, ತಾಲ್ಲೂಕು ಸರ್ವೆಯರ್ ಅಥವಾ ಭೂದಾಖಲೆಗಳ ಸಹಾಯಕ ನಿರ್ದೇಶಕರು, ಅಂದರೆ ಎಡಿಎಲ್‌ಆರ್ ಅವರನ್ನೇ ಕೇಳಿ.

ಕಡ್ಲೆಹೊಲ
ಖರ್ಚು ಎಷ್ಟಾಗುತ್ತೆ ಅನ್ನೋದೊಂದು ಚಿಂತೆ ಅವರಿಗೆ.

ಕೆಂಪುಮಣ್ಣು
ನ್ಯಾಯಾಲಯ ಶುಲ್ಕ ಹೆದರೋ ಅಷ್ಟಿಲ್ಲ. ಬರೀ ನಿರ್ಬಂಧಕ್ಕೆ 1958ರ ಕರ್ನಾಟಕ ಕಾಯ್ದೆ ಕಲಂ 26(ಸಿ), ₹1,000 ಮೌಲ್ಯಕ್ಕೆ ₹25. ಹಕ್ಕಿನ ಪ್ರಶ್ನೆ ಬಂದರೆ ಮಾರುಕಟ್ಟೆ ಮೌಲ್ಯದ ಅರ್ಧದ ಮೇಲೆ ಲೆಕ್ಕ, ಆದರೆ ಕಂದಾಯ ಕಟ್ಟೋ ಕೃಷಿ ಜಮೀನಿಗೆ ಕಂದಾಯದ 25 ಪಟ್ಟನ್ನೇ ಮೌಲ್ಯ ಅಂತ ಹಿಡೀತಾರೆ. ಖುಷ್ಕಿಗೆ ಕಂದಾಯ ಎಷ್ಟು, ಕೆಲವೇ ರೂಪಾಯಿ. ಭೂಪರಿವರ್ತನೆ ಆಗಿದ್ದರೆ ಮಾತ್ರ ಲೆಕ್ಕ ಬೇರೆ. ದೊಡ್ಡ ಖರ್ಚು ವಕೀಲರ ಫೀಸು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ವಕೀಲರು ಸಿಗ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತೆ.

ನಾಡಕಚೇರಿ_ಬಾಗಿಲು
ಇನ್ನೊಂದು. ಕೊಂಡವರ ಹೆಸರಿಗೆ ಮ್ಯುಟೇಷನ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಇವತ್ತೇ ನಾಡಕಚೇರಿಯಲ್ಲಿ ಬರವಣಿಗೆಯ ತಕರಾರು ಕೊಡಿ, ತಹಶೀಲ್ದಾರ್ ಮುಂದೆ ವಿವಾದಿತ ಪ್ರಕರಣ ಆಗುತ್ತೆ. ಆಗಿದ್ದರೆ ಭೂ ಕಂದಾಯ ಕಾಯ್ದೆ ಕಲಂ 136(2)ರಲ್ಲಿ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು. 3 ಎಕರೆ ಕೊಂಡಿದ್ದನ್ನೇ ಅಲ್ಲಗಳೆಯಬೇಡಿ, 11ಇ ನಕ್ಷೆಯ ಜಾಗಕ್ಕೆ ಮಾತ್ರ ತಕರಾರು ಅಂತ ಬರೆಯಿರಿ. ಕೋರ್ಟ್ ತಡೆ ಸಿಕ್ಕ ಮೇಲೆ ಪ್ರಮಾಣಿತ ಪ್ರತಿ ತಹಶೀಲ್ದಾರರಿಗೆ ಕೊಟ್ಟು ಪಹಣಿ 11ನೇ ಕಾಲಂನಲ್ಲಿ ನಮೂದು ಮಾಡಿಸಿ.

ಕಡ್ಲೆಹೊಲ
ತಕರಾರು ಕೊಟ್ಟು ಸ್ವೀಕೃತಿ ತಗೊಂಡಾಯ್ತು. ಪಕ್ಕದ ಜಮೀನಿನ 1987ರ ಕ್ರಯಪತ್ರದಲ್ಲಿ ಪಶ್ಚಿಮಕ್ಕೆ ಇವರ ಅಪ್ಪನ ಹೆಸರಿದೆ. ನಾಳೆ ವಕೀಲರ ಹತ್ತಿರ ಹೋಗ್ತಾರೆ. ಏನೇನು ಹಿಡ್ಕೊಂಡು ಹೋಗಬೇಕು?

ಕೋರ್ಟ್‌ಹಾಲ್
1987ರದ್ದು ಬಹಳ ಒಳ್ಳೇದು, ದೃಢೀಕೃತ ನಕಲೇ ಇರಲಿ, ಜೆರಾಕ್ಸ್ ಬೇಡ. ಪಹಣಿ ಹಿಂದಿನ 15 ವರ್ಷದ್ದು, ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಕಲು, 11ಇ ಕಡತ, ಬೆಳೆ ಸಮೀಕ್ಷೆ, ಪೊಲೀಸ್ ಹಿಂಬರಹ, ಕೈನಕ್ಷೆ, ಆಧಾರ್, ಮತ್ತು ಎದುರಾಳಿಯ ಪೂರ್ತಿ ವಿಳಾಸ. ವಿಳಾಸ ತಪ್ಪಿದ್ದರೆ ಅಮೀನರು (ನೋಟಿಸ್ ಜಾರಿ ಮಾಡೋ ಕೋರ್ಟ್ ಸಿಬ್ಬಂದಿ) "ಪತ್ತೆ ಇಲ್ಲ" ಅಂತ ಷರಾ ಬರೆದು ವಾಪಸ್ ಮಾಡ್ತಾರೆ, ತಡೆ ಅರ್ಜಿ ಅಲ್ಲೇ ಕೂತಿರುತ್ತೆ. ಪಕ್ಕದ ಹೊಲದವರು ಇಬ್ಬರು ಪ್ರಮಾಣಪತ್ರ ಕೊಡ್ತಾರಾ ಅಂತ ಇವತ್ತು ರಾತ್ರಿಯೇ ಕೇಳಿಬಿಡಿ. ನೋಟಿಸ್ ಹೋದ ಮೇಲೆ ಎದುರಾಳಿಯವರೂ ಅವರ ಮನೆಗೇ ಬರ್ತಾರೆ.